ಯಾರು ಮಾಡಿದ್ದು ಇದು?

ಅಂಕೋಲೆಯ ನನ್ನ ಅತ್ತೆಗೆ ವರ್ಷಕ್ಕೊಮ್ಮೆಯಾದರೂ ಗೋಕರ್ಣದ ಮಹಾಬಲೇಶ್ವರನ ದರ್ಶನ ಆಗಲೇಬೇಕು. ಕಳೆದ ಚಳಿಗಾಲದಲ್ಲಿ ಕರೆದೊಯ್ಯುವ ಸರದಿ ನನ್ನದು. ಗುಡಿಯಿಂದ ಹೊರಬಿದ್ದು ಕಡಲ ಕಡೆಗಿನ ಓಣಿಯಲ್ಲಿ ಬರುವಾಗ ಬಿಸಿಲಿಗೆ ಸೋತು ಒಂದು ಪುಟ್ಟ ಅಂಗಡಿಯ ನೆರಳಿಗೆ ಸರಿದೆವು. ಹತ್ತಡಿ ಅಗಲ ಇದ್ದೀತು. ಸೂರಿನಿಂದ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಪತಾಕೆಗಳ ಸಾಲು ಇಳಿಬಿದ್ದಿತ್ತು. ಅದರಡಿಗೆ ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ, ನೇಪಾಳದ ರುದ್ರಾಕ್ಷಿ, ಧ್ಯಾನಕ್ಕೆ ಕೂರುವ ದುಂಡು ದಿಂಬು, ಗಾಳಿಗೆ ಕಿಣಿಗುಡುವ ಕೊಳವೆಗಳು, ಗರಿ ಸಿಕ್ಕಿಸಿದ ಡ್ರೀಮ್ ಕ್ಯಾಚರ್. ಈ ಕೊನೆಯದಂತೂ ಏಷ್ಯಾದ್ದೇ ಅಲ್ಲ, ಉತ್ತರ ಅಮೆರಿಕದ ಒಜಿಬ್ವೆ ಮೂಲನಿವಾಸಿಗಳದ್ದು. ಆದರೆ ಬುದ್ಧನ ಪಕ್ಕದಲ್ಲಿ ಅದೂ ಪೂರ್ವದೇಶದ್ದೇ ಎಂಬಂತೆ ತೂಗಾಡುತ್ತಿತ್ತು.

ಅತ್ತೆಯ ಕೈ ನೇರ ಹೋದದ್ದು ಒಂದು ಬಟ್ಟಲಿಗೆ. ಅಂಚಿಗೆ ಬೆರಳಿನಿಂದ ಮೀಟಿದರು. ನಾದ ಎದ್ದು, ನಿಧಾನಕ್ಕೆ ತೆಳ್ಳಗಾಗುತ್ತ ಹೋಯಿತು.

"ಇದು ಕಂಚಿನ ಬಟ್ಲೇ ಅಲ್ವೇನೋ ತಮಾ? ನಮ್ಮನೆ ಅಟ್ಟದ ಮೇಲೆ ಎರಡಿತ್ತು."

ಅಂಗಡಿಯ ಹುಡುಗ ಹಿಂದಿ ಬೆರೆಸಿದ ಕನ್ನಡದಲ್ಲಿ ತಿದ್ದಿದ. ಇದು ಟಿಬೆಟಿನ ಹಾಡುವ ಬಟ್ಟಲು, ಏಳು ಗ್ರಹಗಳಿಗೆ ಏಳು ಲೋಹ, ಭಿಕ್ಷುಗಳು ಸಾವಿರಾರು ವರ್ಷಗಳಿಂದ ಧ್ಯಾನಕ್ಕೆ ಬಳಸುತ್ತಿದ್ದಾರೆ, ಬೆಲೆ ಎರಡು ಸಾವಿರದ ಎಂಟುನೂರು. ಅತ್ತೆ ಬಟ್ಟಲನ್ನು ತಿರುಗಿಸಿ ತಳ ನೋಡಿದರು. "ಯಾರು ಮಾಡಿದ್ದು ಇದು?" ಹುಡುಗ ಹೇಳಿದ: "ಟಿಬೆಟ್." ಅತ್ತೆ ಬಿಡಲಿಲ್ಲ. "ಟಿಬೆಟ್ ಊರಾಯ್ತು. ಮಾಡಿದ್ದು ಯಾರು ಅಂದೆ." ಹುಡುಗ ನಕ್ಕು ಸುಮ್ಮನಾದ.

ಅಂಥ ಅಂಗಡಿಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾವು ಕೇಳುವುದು ಇದು ಅಸಲಿಯೋ ನಕಲಿಯೋ, ಸ್ವದೇಶಿಯೋ ವಿದೇಶಿಯೋ, ಇದರಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೋ ಇಲ್ಲವೋ ಎಂದು. ಈ ಮೂರಕ್ಕೂ ಮೊದಲು ಬರಬೇಕಾದದ್ದು ಅತ್ತೆಯ ಪ್ರಶ್ನೆ ಎಂಬುದು ನನ್ನ ವಾದ.

ಬಟ್ಟಲಿನಿಂದಲೇ ಶುರುಮಾಡೋಣ. ಟಿಬೆಟಿನ ವಿಹಾರಗಳಲ್ಲಿ ಗಂಟೆ, ತಾಳ, ಶಂಖ, ಉದ್ದನೆಯ ಕಹಳೆಗಳಿವೆ. ಜಪಾನಿನ ಬೌದ್ಧ ಮಂದಿರಗಳಲ್ಲಿ ದಿಂಬಿನ ಮೇಲೆ ಬಟ್ಟಲಿನಾಕಾರದ ಗಂಟೆಯಿಟ್ಟು ಬಾರಿಸುವ ರೂಢಿಯಿದೆ. ಆದರೆ ಟಿಬೆಟಿನ ಭಿಕ್ಷುಗಳು ಬಟ್ಟಲಿನ ಅಂಚನ್ನು ಕೋಲಿನಿಂದ ಉಜ್ಜಿ, ಆ ನಾದದ ಮೇಲೆ ಧ್ಯಾನಕ್ಕೆ ಕೂರುತ್ತಿದ್ದರು ಎನ್ನುವ ಪ್ರಾಚೀನ ಪರಂಪರೆಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಹಿಮಾಲಯದ ತಪ್ಪಲಿನ ಮನೆಗಳಲ್ಲಿ ಅವು ಹೆಚ್ಚಾಗಿ ಊಟದ, ಕಾಳು ತುಂಬಿಡುವ ಪಾತ್ರೆಗಳಾಗಿದ್ದವು. 1972ರಲ್ಲಿ ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನಿಂಗ್ಸ್ 'ಟಿಬೆಟನ್ ಬೆಲ್ಸ್' ಎಂಬ ಧ್ವನಿಮುದ್ರಿಕೆ ಹೊರತಂದರು. ಪಶ್ಚಿಮದ ಕಿವಿಗಳಲ್ಲಿ ಬಟ್ಟಲಿನ ನಾದಕ್ಕೂ ಟಿಬೆಟಿನ ಅಧ್ಯಾತ್ಮಕ್ಕೂ ಗಂಟು ಬಿಗಿಯಾದದ್ದು ಆ ಕಾಲದಲ್ಲಿ. ಸಾವಿರಾರು ವರ್ಷಗಳ ಕಥೆಯ ವಯಸ್ಸು ಅರ್ಧ ಶತಮಾನದಷ್ಟು.

ಏಳು ಲೋಹದ ಮಾತೂ ಹಾಗೆಯೇ. ಹಳೆಯ ಬಟ್ಟಲುಗಳನ್ನು ಪರೀಕ್ಷಿಸಿದರೆ ಸಿಗುವುದು ಮುಖ್ಯವಾಗಿ ತಾಮ್ರ ಮತ್ತು ತವರ. ನೂರು ಭಾಗದಲ್ಲಿ ಎಪ್ಪತ್ತೆಂಟು ತಾಮ್ರ, ಇಪ್ಪತ್ತೆರಡು ತವರದ ಆಸುಪಾಸು. ಅದು ನಮ್ಮ ಕಂಚು. ಇಷ್ಟು ತವರ ಬೆರೆತ ಲೋಹ ಗಡಸು, ಜೊತೆಗೆ ಬಿರುಕು ಬಿಡುವಂಥದ್ದು. ಕೆಂಪಗೆ ಕಾಯಿಸಿ, ಕೆಂಪಗಿರುವಾಗಲೇ ಬಡಿದು, ನೀರಿಗದ್ದಿದರೆ ಮಾತ್ರ ಮಾತು ಕೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಈ ವಿದ್ಯೆ ಕೇರಳದ ಕಂಚುಗಾರರಲ್ಲಿ ಇತ್ತೀಚಿನವರೆಗೂ ಉಳಿದಿದ್ದನ್ನು ದಾಖಲಿಸಿದ್ದಾರೆ. ಆದಿಚ್ಚನಲ್ಲೂರು ಮತ್ತು ನೀಲಗಿರಿಯ ಪ್ರಾಚೀನ ಸಮಾಧಿಗಳಲ್ಲಿ ಇದೇ ಬಗೆಯ ತೆಳು ಬಟ್ಟಲುಗಳು ಸಿಕ್ಕಿವೆ. ಅಂದರೆ ಅತ್ತೆ ಮೀಟಿದ ನಾದ ದಕ್ಷಿಣಕ್ಕೆ ಹೊಸದಲ್ಲ. ಇಲ್ಲಿ ಅದನ್ನು ಯಾರೂ ಧ್ಯಾನ ಎಂದು ಕರೆಯಲಿಲ್ಲ, ಅಷ್ಟೇ. ಗುಡಿಯಲ್ಲಿ ಅದು ಜಾಗಟೆ, ಅಡುಗೆಮನೆಯಲ್ಲಿ ಕಲಾಯಿ ಬೇಡದ ಬಟ್ಟಲು. ಸ್ಟೀಲು ಬಂದ ಮೇಲೆ ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟೆವು. ಈಗ ಅದೇ ಜಾತಿಯ ಬಟ್ಟಲು ಹೊಸ ಹೆಸರಿನಲ್ಲಿ ಗೋಕರ್ಣದ ಓಣಿಗೆ ಮರಳಿದೆ.

ಇಷ್ಟು ಕೇಳಿದವರು ಒಂದು ತೀರ್ಮಾನಕ್ಕೆ ಹಾರಬಹುದು: ನೋಡಿ, ಇದು ಆಮದಿನ ಹಾವಳಿ, ನಮ್ಮದನ್ನು ಬಿಟ್ಟು ಹೊರಗಿನದರ ಬೆನ್ನು ಹತ್ತಿದ್ದರ ಫಲ. ಆ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಅತ್ತೆಯ ದೇವರ ಕೋಣೆಯನ್ನೇ ನೋಡಿ. ಜಪಮಾಲೆಯ ರುದ್ರಾಕ್ಷಿ ಬೆಳೆಯುವುದು ನೇಪಾಳದಲ್ಲಿ, ಜಾವಾದಲ್ಲಿ. ನಮ್ಮ ಹಿರಿಯರು ಆರತಿಗೆ ಹಚ್ಚುತ್ತಿದ್ದ ಕರ್ಪೂರ ಸುಮಾತ್ರಾ, ಬೋರ್ನಿಯೊ ಕಾಡಿನ ಮರಗಳದ್ದು. ಸಾಂಬ್ರಾಣಿಯೂ ಅತ್ತಲ ಮರದ ಅಂಟು. ಕಾವ್ಯಗಳಲ್ಲಿ ರಾಜರು ಉಡುವ ರೇಷ್ಮೆಗೆ ಕನ್ನಡ ಇಟ್ಟ ಹೆಸರು ಚೀನಾಂಬರ. ಏಷ್ಯಾದ ಧ್ಯಾನ ಸಾಮಗ್ರಿಯ ಅಂಗಡಿಯೊಂದು ನಮ್ಮ ಪ್ರತಿ ಮನೆಯ ಮೂಲೆಯಲ್ಲೂ ಶತಮಾನಗಳಿಂದ ತೆರೆದೇ ಇದೆ.

ವ್ಯಾಪಾರ ಇತ್ತಲಿಂದಲೂ ಹೋಗಿದೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದದ್ದೂ ಮೆಣಸು ಮತ್ತು ಬಟ್ಟೆಯ ಆಸೆಗೆ. ಲಿಸ್ಬನ್ನಿನ ಅಂಗಡಿಯಲ್ಲಿ ನಮ್ಮ ಕಾಳುಮೆಣಸು ಕೂಡ ದೂರದೇಶದ ಅದ್ಭುತವೇ. ಅದನ್ನು ಹೊತ್ತ ಬಳ್ಳಿ, ಕೊಯ್ದ ಕೈ, ಘಟ್ಟ ಇಳಿಸಿದ ಎತ್ತು ಯಾವುದೂ ಅಲ್ಲಿ ಕೊಂಡವನಿಗೆ ಕಂಡಿರಲಾರದು. ವಸ್ತು ಗಡಿ ದಾಟುವುದರಲ್ಲಿ ತಪ್ಪಿಲ್ಲ. ದಾಟುವಾಗ ಏನನ್ನು ಹಿಂದೆ ಬಿಟ್ಟು ಬರುತ್ತದೆ ಎನ್ನುವುದನ್ನು ನೋಡಬೇಕು.

ಕೆಲವೊಮ್ಮೆ ಏನನ್ನೂ ಬಿಟ್ಟು ಬರುವುದಿಲ್ಲ. ಬಿದರಿ ಕಲೆಯ ಬೇರು ಇರಾನಿನತ್ತ ಇದೆ. ಬಹಮನಿಗಳ ಕಾಲದಲ್ಲಿ ಕುಶಲಕರ್ಮಿಗಳು ಬೀದರಿಗೆ ಬಂದರು, ಬೀದರ ಕೋಟೆಯ ಮಣ್ಣಿನಲ್ಲೇ ಲೋಹ ಕಪ್ಪಾಗುವ ಗುಟ್ಟನ್ನು ಕಂಡರು, ಮಕ್ಕಳಿಗೆ ಕಲಿಸಿದರು. ಇಂದು ಅದನ್ನು ಆಮದು ಎಂದರೆ ಬೀದರಿನವರು ನಕ್ಕಾರು. ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆಯಿದೆ. ಅಂಕೋಲೆಯಿಂದ ಯಲ್ಲಾಪುರದ ಘಟ್ಟ ಹತ್ತಿ ಮೂರು ಗಂಟೆ ಸಾಗಿದರೆ ಮುಂಡಗೋಡ. 1966ರಿಂದ ಅಲ್ಲಿ ಟಿಬೆಟಿನ ನಿರಾಶ್ರಿತರ ಶಿಬಿರಗಳಿವೆ. ಲಾಸಾದ ಸುತ್ತ ಇದ್ದ ದ್ರೆಪುಂಗ್, ಗಾಂದೆನ್ ಮಹಾವಿಹಾರಗಳು ಅಲ್ಲಿ ಮತ್ತೆ ತಲೆಯೆತ್ತಿ ನಿಂತಿವೆ. ದೇಶ ಕಳೆದುಕೊಂಡವರು ಮಗ್ಗ ಹೂಡಿ ಕಂಬಳಿ ನೇಯ್ದರು, ಮೆಕ್ಕೆಜೋಳ ಬೆಳೆದರು, ಅಕ್ಕಪಕ್ಕದವರೊಡನೆ ಕನ್ನಡ ಮಾತಾಡಿದರು. ಅಲ್ಲಿ ಟಿಬೆಟ್ ಎನ್ನುವುದು ಒಂದು ಚೀಟಿಯ ಮೇಲಿನ ಹೆಸರಾಗಿ ಬಂದಿಲ್ಲ, ಕೈಕಾಲು ಇರುವ ಮನುಷ್ಯರಾಗಿ ಬಂದಿದೆ. ಗೋಕರ್ಣದ ಅಂಗಡಿಯಲ್ಲಿ ಟಿಬೆಟಿನ ಕಥೆ ಹೇಳುವವನಿಗೆ ತನ್ನದೇ ಜಿಲ್ಲೆಯಲ್ಲಿ ಟಿಬೆಟಿನವರು ಇದ್ದಾರೆಂಬುದು ಮಾರಾಟಕ್ಕೆ ಬೇಕಾಗಿರಲಿಲ್ಲ. ಹತ್ತಿರದ ಟಿಬೆಟಿಗೆ ಅಷ್ಟು ಬೆಲೆ ಬರುವುದಿಲ್ಲ.

ಅಂಕೋಲೆಯ ಹಾಲಕ್ಕಿ ಹೆಂಗಸರ ಕೊರಳು ತುಂಬಿದ ಮಣಿಸರವನ್ನೂ ನೆನೆಯಿರಿ. ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಚಿತ್ರ ನೋಡಿದವರಿಗೆಲ್ಲ ಅದು ಗೊತ್ತು. ಮಣಿ ಪೇಟೆಯದ್ದು. ಪೋಣಿಸಿದ ಕೈ, ಯಾವ ಸರದ ಮೇಲೆ ಯಾವುದು ಎಂಬ ಕ್ರಮ, ದಿನವೂ ಹೊರುವ ಕೊರಳು ಅವರದ್ದು. ಹೀಗೆ ಕೈ ಜೊತೆಗೂಡಿದರೆ ಎಲ್ಲಿಯದೋ ವಸ್ತು ನಮ್ಮದಾಗುತ್ತದೆ. ಕೈ ಕಳಚಿಕೊಂಡು ವಸ್ತುವೊಂದೇ ಬಂದರೆ ಆ ಖಾಲಿ ಜಾಗವನ್ನು ತುಂಬಲು ಕಥೆ ಬೇಕಾಗುತ್ತದೆ. ಕಥೆ ಹೆಚ್ಚು ಪುರಾತನವಾದಷ್ಟೂ ಪ್ರಶ್ನೆ ಕಡಿಮೆ.

ಆ ಅಂಗಡಿಯ ತುಂಬ ಇಂಥ ಕಥೆಗಳೇ. ನಗುವ ಬುದ್ಧ ಗೌತಮ ಬುದ್ಧನಲ್ಲ. ಹತ್ತನೆಯ ಶತಮಾನದ ಹೊತ್ತಿಗೆ ಚೀನಾದಲ್ಲಿ ಬಟ್ಟೆಯ ಚೀಲ ಹೊತ್ತು ತಿರುಗುತ್ತಿದ್ದ ಬುದಾಯ್ ಎಂಬ ಅಲೆಮಾರಿ ಸನ್ಯಾಸಿಯ ಮೂರ್ತಿ ಅದು. ಏನನ್ನೂ ಕೂಡಿಡದವನನ್ನು ನಾವು ಧನ ತರುವ ಗೊಂಬೆ ಮಾಡಿ ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿದ್ದೇವೆ. ಗಾಜಿನ ಲೋಟದಲ್ಲಿ ನೀರಿಗಿಟ್ಟ 'ಲಕ್ಕಿ ಬ್ಯಾಂಬೂ' ಚೀನಾದ್ದೂ ಅಲ್ಲ, ಬಿದಿರೂ ಅಲ್ಲ. ಅದು ಡ್ರಸೀನಾ ಎಂಬ ಆಫ್ರಿಕಾ ಮೂಲದ ಗಿಡ.

ಬಿದಿರಿನ ಮಾತು ಬಂದಲ್ಲಿ ಉತ್ತರ ಕನ್ನಡದವರು ಸ್ವಲ್ಪ ನಿಲ್ಲಬೇಕು. ಕೈಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಡೇ ಸಾಕ್ಷಿ. ಬುಟ್ಟಿ, ಮೊರ, ಕಣಜ, ತಟ್ಟಿ ಹೆಣೆಯುತ್ತಿದ್ದವರು ಮೇದಾರರು. 1958ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತು. ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ಅದಕ್ಕೆ ತೆರಬೇಕಾದದ್ದು ಅದರ ನೂರಾರು ಪಟ್ಟು. ಬಿದಿರು ಖಾಲಿಯಾಗುತ್ತಿದೆ ಎಂದು ಮೇದಾರರು ದೂರಿದಾಗ, ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನಕ್ಕಿಳಿದರು. ದನ ಮೇಯಿಸುವ, ಬಿದಿರು ಕಡಿಯುವ ಹಳ್ಳಿಯವರದ್ದೇ ತಪ್ಪು ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಗಾಡ್ಗೀಳರಿಗೆ ಕಂಡದ್ದು ಬೇರೆ. ಹಳ್ಳಿಯವರು ಬಿದಿರು ಮೆಳೆಯ ಬುಡದ ಮುಳ್ಳನ್ನು ಮುಟ್ಟುತ್ತಿರಲಿಲ್ಲ. ಕಾರ್ಖಾನೆಗಾಗಿ ಕಡಿಯುವಾಗ ಮುಳ್ಳನ್ನು ಸವರಿ ಬುಡ ಚೊಕ್ಕ ಮಾಡಲಾಗುತ್ತಿತ್ತು. ಕಾವಲು ಕಳೆದುಕೊಂಡ ಎಳೆ ಕಳಲೆ ದನ ಮತ್ತು ಕಾಡುಪ್ರಾಣಿಗಳ ಪಾಲಾಯಿತು, ಮೆಳೆ ಬರಿದಾಯಿತು. ಮುಳ್ಳು ಏಕಿದೆ ಎಂಬ ತಿಳಿವಳಿಕೆ ಇದ್ದದ್ದು ಕೆಲಸ ಮಾಡುವ ಕೈಯಲ್ಲಿ. ಟನ್ನಿನ ಲೆಕ್ಕದಲ್ಲಿ ಆ ಕೈಗೆ ಜಾಗವಿರಲಿಲ್ಲ.

ಈ ಕಥೆಯ ತುದಿ ಆ ಅಂಗಡಿಯ ಊದುಬತ್ತಿಯ ಕಟ್ಟಿನಲ್ಲಿದೆ. 2011ರಲ್ಲಿ ದುಂಡು ಬಿದಿರು ಕಡ್ಡಿಯ ಮೇಲಿನ ಆಮದು ಸುಂಕ ಶೇ. 30ರಿಂದ 10ಕ್ಕಿಳಿಯಿತು. ಬಿದಿರಿನ ನಾಡಾದ ಭಾರತ ಅಗರಬತ್ತಿಯ ಕಡ್ಡಿಗೆ ವಿಯೆಟ್ನಾಂ ಮತ್ತು ಚೀನಾದ ಮುಖ ನೋಡತೊಡಗಿತು. ಹೆಂಗಸರು ಮನೆಯಲ್ಲಿ ಕೂತು ಕಡ್ಡಿ ಸೀಳುವ, ಹಿಟ್ಟು ಹೊಸೆಯುವ ಕೆಲಸ ಸೊರಗಿತು. 2019ರ ಆಗಸ್ಟಿನಲ್ಲಿ ಅಗರಬತ್ತಿ ಆಮದಿಗೆ ನಿರ್ಬಂಧ ಬಂತು, 2020ರಲ್ಲಿ ಬಿದಿರಿನ ಸುಂಕ ಶೇ. 25ಕ್ಕೇರಿತು. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವ ರಾಜ್ಯದಲ್ಲೇ ದೇವರ ಮುಂದೆ ಉರಿಯುವ ಕಡ್ಡಿ ಎಲ್ಲಿಯದು ಎಂದು ನಾವು ಕೇಳಿರಲಿಲ್ಲ. ಪರಿಮಳ ಇದ್ದರೆ ಸಾಕಿತ್ತು.

ಹಾಗಾದರೆ ಧ್ಯಾನದ ಮಾತೇನು? ಬಟ್ಟಲು ಯಾರದ್ದಾದರೇನು, ಮನಸ್ಸು ನಿಂತರೆ ಸಾಲದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಧ್ಯಾನ ಎಂಬ ಮಾತೇ ದೊಡ್ಡ ಪ್ರಯಾಣಿಕ. ಪಾಲಿಯಲ್ಲಿ ಝಾನ, ಚೀನಾದಲ್ಲಿ ಚಾನ್, ಜಪಾನಿನಲ್ಲಿ ಝೆನ್ ಆಗಿ ಈಗ ಅಂಗಡಿಯ ದಿಂಬಿನ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಮರಳಿದೆ. ಆದರೆ ಆ ದಾರಿಯುದ್ದಕ್ಕೂ ಅದನ್ನು ಸಾಗಿಸಿದವರು ಕಲಿಸುವ ಮನುಷ್ಯರು, ಸರಕಿನ ಗಂಟಲ್ಲ. ಇದೇ ದಾರಿಯಲ್ಲಿ ಇತ್ತೀಚೆಗೆ ಧ್ಯಾನವನ್ನು ಮರಳಿ ತಂದವರು ಎಸ್.ಎನ್. ಗೋಯೆಂಕಾ. ಬರ್ಮಾದಲ್ಲಿ ಸಯಾಜಿ ಉ ಬಾ ಖಿನ್ ಅವರಲ್ಲಿ ವಿಪಸ್ಸನ ಕಲಿತು 1969ರಲ್ಲಿ ಭಾರತಕ್ಕೆ ಬಂದರು. ಅವರ ಶಿಬಿರಗಳಿಗೆ ಶುಲ್ಕವಿಲ್ಲ. ಜಪಮಾಲೆ ಬೇಡ, ಮೂರ್ತಿ ಬೇಡ, ಬಟ್ಟಲೂ ಬೇಡ. ಕೂರಲು ಒಂದು ದಿಂಬು, ಗಮನಿಸಲು ಸ್ವಂತ ಉಸಿರು. ಧ್ಯಾನಕ್ಕೆ ನಿಜವಾಗಿ ಬೇಕಾದ ಸಾಮಗ್ರಿಯನ್ನು ಮಾರಲು ಹೊರಟರೆ ಅಂಗಡಿ ಒಂದೇ ದಿನದಲ್ಲಿ ಮುಚ್ಚಬೇಕಾದೀತು.

ಈ ವಿಚಾರಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಸಾಹಿತ್ಯದ ನೆನಪಿದೆ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಇಪ್ಪತ್ತೆರಡರ ರವೀಂದ್ರನಾಥ ಟಾಗೋರರು ಬಂದಿದ್ದರು. ಕಾಳಿ ನದಿ, ಕಡಲು, ಬೆಳದಿಂಗಳ ಆ ದಿನಗಳಲ್ಲಿ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ'. ಅದರ ಸನ್ಯಾಸಿ ಲೋಕದ ನಂಟನ್ನೆಲ್ಲ ಕಡಿದುಕೊಂಡು ಅನಂತವನ್ನು ಗೆದ್ದೆನೆಂದು ಬೀಗುವವನು. ಕೊನೆಗೆ ಎಲ್ಲರೂ ದೂರವಿಟ್ಟ ಒಬ್ಬ ಅನಾಥ ಬಾಲಕಿಯ ಅಕ್ಕರೆ ಅವನನ್ನು ಲೋಕಕ್ಕೆ ಎಳೆದು ತರುತ್ತದೆ. ಎದುರಿಗಿರುವ ಮನುಷ್ಯರನ್ನು ಕಾಣದ ಶಾಂತಿ ಬರಡು ಎಂಬ ಅರಿವು ಕಾರವಾರದ ಮರಳಿನಲ್ಲಿ ಮೊಳೆಯಿತು. ನಾವು ಕೊಳ್ಳುವ ಶಾಂತಿಯ ವಸ್ತುವಿಗೂ ಇದೇ ಒರೆಗಲ್ಲು. ಬಡಿದವನ ಭುಜದ ನೋವು, ಅವನಿಗೆ ದಕ್ಕಿದ ಕೂಲಿ ನಮ್ಮ ಏಕಾಗ್ರತೆಯ ಹೊರಗೇ ಉಳಿದರೆ, ಆ ಏಕಾಗ್ರತೆ ಗುಹೆಯೊಳಗಿನ ಸನ್ಯಾಸಿಯದ್ದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕೆಂಪಗೆ ಕಾದ ಕಂಚು ಬಣ್ಣ ಬದಲಿಸುವ ಕ್ಷಣವನ್ನು ಕಣ್ಣಲ್ಲೇ ಅಳೆದು, ಅದು ತಣಿಯುವ ಮೊದಲು ಸುತ್ತಿಗೆ ಬೀಳಬೇಕು. ಬಿದಿರಿನ ಸೀಳು ಎಲ್ಲೂ ಗಂಟಿಗೆ ತಾಕಿ ಹರಿಯದಂತೆ ಬೆರಳು ಕಾಯಬೇಕು. ಅತ್ತಿತ್ತ ಹರಿದಾಡದ ಗಮನ ಎಂಬ ಅರ್ಥದಲ್ಲಿ ಅಲ್ಲಿ ಧ್ಯಾನ ಒಮ್ಮೆ ನಡೆದು ಮುಗಿದಿದೆ. ಕೈಕಸುಬಿನ ವಸ್ತುವಿಗೆ ನಾವು ಕೊಡುವ ಹೆಚ್ಚಿನ ಬೆಲೆ ಆ ಗಮನಕ್ಕೆ. ಅಚ್ಚಿನಲ್ಲಿ ಎರಕ ಹೊಯ್ದು ಯಂತ್ರದಲ್ಲಿ ನಯಗೊಳಿಸಿದ ಬಟ್ಟಲನ್ನು ಅದೇ ಕಥೆ ಹೇಳಿ ಅದೇ ಬೆಲೆಗೆ ಮಾರಿದರೆ ಮೋಸ ಆಗುವುದು ಕೊಂಡವನಿಗೆ ಮಾತ್ರವಲ್ಲ, ಬಡಿದು ಮಾಡುವವನಿಗೂ.

ಇದಕ್ಕೊಂದು ಗಟ್ಟಿ ಆಕ್ಷೇಪ ಉಂಟು. ಅಂಗಡಿಯ ಹುಡುಗ ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದವನು. ಸಗಟು ವ್ಯಾಪಾರಿ ಹೇಳಿಕೊಟ್ಟ ಮಾತನ್ನು ಅವನು ಒಪ್ಪಿಸುತ್ತಾನೆ. ಆರು ತಿಂಗಳ ಪ್ರವಾಸಿ ಕಾಲದಲ್ಲಿ ವರ್ಷದ ಬಾಡಿಗೆ ದುಡಿಯಬೇಕಾದವನಿಗೆ ಇತಿಹಾಸ ಪರೀಕ್ಷೆ ಒಡ್ಡುವುದು ಕ್ರೌರ್ಯವಲ್ಲವೇ? ಹೌದು. ಅದಕ್ಕೇ ನನ್ನ ದೂರು ಅವನ ಮೇಲಿಲ್ಲ. ಕಥೆ ಬೇಕೆಂದವರು ನಾವು. ಪೇಟೆ ನಮ್ಮ ಪ್ರಶ್ನೆಗೆ ತಕ್ಕ ಉತ್ತರ ಇಟ್ಟುಕೊಂಡಿರುತ್ತದೆ. "ಇದು ಎಷ್ಟು ಹಳೆಯದು?" ಎಂದು ಕೇಳಿದರೆ ಸಾವಿರ ವರ್ಷ ಸಿಗುತ್ತದೆ. "ಯಾರು ಮಾಡಿದ್ದು?" ಎಂದು ಹತ್ತು ಜನ ಕೇಳಿದರೆ, ಹನ್ನೊಂದನೆಯವನ ಹೊತ್ತಿಗೆ ಅಂಗಡಿಯವನು ವಿಚಾರಿಸಿಟ್ಟುಕೊಂಡಿರುತ್ತಾನೆ.

ಅಂಕೋಲೆಗೆ ಈ ಪ್ರಶ್ನೆ ಹೊಸದಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿನ ಜನ ಉಪ್ಪಿನ ಸತ್ಯಾಗ್ರಹ ಹೂಡಿ ಕಡಲ ನೀರಿನಿಂದ ಉಪ್ಪು ಮಾಡಿದರು. ಆ ಉಪ್ಪಿನ ರುಚಿ ಪೇಟೆಯ ಉಪ್ಪಿಗಿಂತ ಹೆಚ್ಚೇನೂ ಇದ್ದಿರಲಾರದು. ಯಾರು ಮಾಡಿದ್ದು, ಯಾರಿಗೆ ಅದರ ದುಡ್ಡು ಹೋಗುತ್ತದೆ ಎಂಬ ಎರಡು ಪ್ರಶ್ನೆಗಳು ಅದನ್ನು ಬೇರೆಯಾಗಿಸಿದವು. ಹೊರಗಿನದೆಲ್ಲ ಕೆಟ್ಟದ್ದು ಎನ್ನುವುದು ಆ ಪಾಠದ ಅಗ್ಗದ ಆವೃತ್ತಿ. ಅಸಲು ಪಾಠ, ಕೊಳ್ಳುವುದೂ ಒಂದು ಹೊಣೆ ಎನ್ನುವುದು. ಇದಕ್ಕೆ ದೊಡ್ಡ ಏರ್ಪಾಡೇನೂ ಬೇಡ. 2023ರಲ್ಲಿ ಅಂಕೋಲೆಯ ಕರಿ ಇಶಾಡಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಮಾವಿನ ಹಣ್ಣಿಗೆ ಊರಿನ ಹೆಸರು ಕಾನೂನಿನಂತೆ ಅಂಟಬಹುದಾದರೆ, ಬಟ್ಟಲಿನ ತಳಕ್ಕೆ ಒಂದು ಚೀಟಿ ಅಂಟದೇ? ಊರು ಯಾವುದು, ಕೈಯಿಂದ ಬಡಿದದ್ದೋ ಯಂತ್ರದ್ದೋ, ಲೋಹ ಯಾವುದು ಎಂಬ ಮೂರು ಸಾಲು ಸಾಕು. ಏಳು ಗ್ರಹಗಳಿಗೆ ಅದರಲ್ಲಿ ಜಾಗ ಸಿಗದಿದ್ದರೆ ನಷ್ಟವಿಲ್ಲ.

ಅಂದು ನಾವು ಬಟ್ಟಲು ಕೊಳ್ಳಲಿಲ್ಲ. ಹೊರಡುವಾಗ ಅತ್ತೆಯ ಕಣ್ಣು ಗಲ್ಲಾದ ಹಿಂದಿನ ಧೂಳು ಹಿಡಿದ ಗೂಡಿನ ಮೇಲೆ ಬಿತ್ತು. ಅಂಗೈಯಗಲದ ಬಣ್ಣದ ಡಬ್ಬಿ. ಮುಚ್ಚಳದ ಮೇಲೆ ಚಿನಾರ್ ಎಲೆಗಳ ನಡುವೆ ಒಂದು ನೀಲಿ ಹಕ್ಕಿ. "ಮಿಂಚುಳ್ಳಿ! ನಮ್ಮ ಹಳ್ಳದಲ್ಲೂ ಕೂತಿರ್ತದೆ. ಇದು ಯಾರು ಮಾಡಿದ್ದು?"

ಹುಡುಗನ ಮುಖವೇ ಬದಲಾಯಿತು. ಅವನು ಶ್ರೀನಗರದವನು. ಡಬ್ಬಿಗೆ ಬಣ್ಣ ಹಾಕಿದ್ದು ಅವನ ಚಿಕ್ಕಪ್ಪ. ಕಾಗದ ನೆನೆಸಿ, ಕುಟ್ಟಿ, ಅಚ್ಚಿಗೆ ಮೆತ್ತುವ ಸಖ್ತ್‌ಸಾಜಿಯವರೇ ಬೇರೆ, ಮೇಲೆ ಚಿತ್ರ ಬರೆಯುವ ನಕ್ಕಾಶಿಯವರೇ ಬೇರೆ ಎಂದ. ಚಿಕ್ಕಪ್ಪನಿಗೆ ಈಗ ಕಣ್ಣು ಮಂಜು, ಹಕ್ಕಿಯ ಕೊಕ್ಕು ಮಾತ್ರ ಮಗನ ಕೈಯಲ್ಲಿ ಬರೆಸುತ್ತಾನೆ ಎಂದ. ಹತ್ತು ನಿಮಿಷ ನಿಲ್ಲಿಸದೆ ಮಾತಾಡಿದ. ಅದರಲ್ಲಿ ಚಕ್ರವಿಲ್ಲ, ಗ್ರಹವಿಲ್ಲ, ಸಾವಿರ ವರ್ಷವಿಲ್ಲ. ಇಷ್ಟು ಗೊತ್ತಿದ್ದೂ ಡಬ್ಬಿಯನ್ನು ಹಿಂದಿಟ್ಟು ಬಟ್ಟಲನ್ನು ಮುಂದಿಟ್ಟಿದ್ದೇಕೆ ಎಂದೆ. "ಇದನ್ನು ಯಾರೂ ಕೇಳುವುದಿಲ್ಲ ಸಾರ್."

ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಕೈಗೆತ್ತಿಕೊಂಡಿದ್ದರು. ದರ ಕೇಳಿದ್ದು ಆಮೇಲೆ.